ಒಂದು ಅಡಿಗೆ 5 ಮಿಲಿಮೀಟರ್: ಅಂಗೈ ಮೇಲಿನ ಬೆಂಗಳೂರು ಕೋಟೆಗಾಗಿ ಹುಡುಕಾಟ

ತಾಜ್‌ಮಹಲ್ ಬೇಕಾ? ಜಾತ್ರೆಯಲ್ಲೇ ಸಿಗುತ್ತದೆ. ಐಫೆಲ್ ಟವರ್ ಬೇಕಾ? ಬೀಗದ ಕೈ ಗೊಂಚಲಲ್ಲಿ ನೇತಾಡುತ್ತಿರುತ್ತದೆ. ಬೆಂಗಳೂರು ಕೋಟೆ ಬೇಕು ಅಂತ ಕೇಳಿ ನೋಡಿ, ಅಂಗಡಿಯವರು ನಿಮ್ಮ ಮುಖವನ್ನೇ ನೋಡುತ್ತಾರೆ. ಕಳೆದ ಕೆಲವು ತಿಂಗಳಿಂದ ನಮ್ಮ ಭಾನುವಾರಗಳು ಹೋಗಿದ್ದು ಈ ಹುಡುಕಾಟಕ್ಕೇ.

ಯಾಕೆ ಅಂತ ಮೊದಲು ಹೇಳಿಬಿಡುತ್ತೇವೆ. ಗ್ರಾಮೀಣ ಪತ್ರಿಕೋದ್ಯಮ ಓದಿದ ನಾವು ನಾಲ್ಕು ಜನ ಕಾಡುಗೋಡಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದೇವೆ. ಪಕ್ಕದ ಮನೆಯಲ್ಲಿರುವ ಸಾಫ್ಟ್‌ವೇರ್ ಹುಡುಗನಿಗೆ ಮೇಜಿನ ಮೇಲೆ ಯುದ್ಧ ಆಡುವ ಹುಚ್ಚು. ಚದುರಂಗದ ದೊಡ್ಡಪ್ಪ ಅಂದುಕೊಳ್ಳಿ. ಚೌಕದ ಮನೆಗಳ ಬದಲು ಮೇಜಿನ ಮೇಲೆ ಗುಡ್ಡ, ಹೊಳೆ, ಊರು, ಕೋಟೆ ಇರುತ್ತವೆ. ಬೆರಳುದ್ದದ ಸೈನಿಕರನ್ನು ಸ್ಕೇಲಿನಿಂದ ಅಳೆದು ಮುಂದೆ ಸರಿಸುತ್ತಾರೆ, ಯಾರು ಉಳಿದರು ಯಾರು ಬಿದ್ದರು ಎಂಬುದನ್ನು ದಾಳ ಹೇಳುತ್ತದೆ. ಆಗಿನ ಜರ್ಮನ್ ರಾಜ್ಯವಾದ ಪ್ರಶ್ಯದ ಸೈನ್ಯ 1824ರಲ್ಲೇ ಇಂಥ ಆಟವನ್ನು ಅಧಿಕಾರಿಗಳ ತರಬೇತಿಗೆ ಬಳಸಿತ್ತು. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಮನೆಯಲ್ಲಿ ಆಡುವವರಿಗಾಗಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದ.

ನಮ್ಮ ಹುಡುಗ ಆಡುತ್ತಿದ್ದದ್ದು ನೆಪೋಲಿಯನ್ನನ ಯುದ್ಧ. "ನಮ್ಮೂರಿನ ಯುದ್ಧ ಯಾವುದೂ ಇಲ್ವೇನೋ?" ಅಂತ ಕೇಳಿದೆವು. ಇಲ್ಲದೆ ಏನು! 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಕೋಲಾರ, ಹೊಸಕೋಟೆ ಹಿಡಿದು ಮಾರ್ಚ್ 5ಕ್ಕೆ ಬೆಂಗಳೂರಿನ ಮುಂದೆ ನಿಂತಿತು. ಕಾಡುಗೋಡಿಯಿಂದ ಹೊಸಕೋಟೆಗೆ ಒಂದು ಬಸ್ಸಿನ ದೂರ ಅಷ್ಟೆ. ಮಾರ್ಚ್ 7ಕ್ಕೆ ಪೇಟೆ ಬಿತ್ತು. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು, ಟಿಪ್ಪುವಿನ ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತ. ಇದನ್ನೇ ಆಡೋಣ ಅಂತ ತೀರ್ಮಾನವಾಯಿತು. ಸೈನಿಕರು ಅವನ ಹತ್ತಿರ ಇದ್ದರು, ಬೇಕಾಗಿದ್ದು ಕೋಟೆ.

ಮೊದಲು ಶೋಪೀಸ್ ಅಂಗಡಿಗಳಿಗೆ ಹೋದೆವು.

"ಅಣ್ಣ, ಬೆಂಗಳೂರು ಕೋಟೆದು ಸಣ್ಣ ಮಾಡೆಲ್ ಇದ್ಯಾ?"

"ಯಾವ್ ಕೋಟೆ ಸಾರ್? ತಾಜ್‌ಮಹಲ್ ಇದೆ, ಲೈಟ್ ಹತ್ತುತ್ತೆ. ಕೊಡ್ಲಾ?"

ಲೈಟ್ ಹತ್ತಿದರೂ ಆ ತಾಜ್‌ಮಹಲ್ ಈ ಆಟಕ್ಕೆ ಬರುವುದಿಲ್ಲ. ಅದಕ್ಕೆ ಕಾರಣ ಲೆಕ್ಕ. ನಮ್ಮ ಸೈನಿಕನ ಎತ್ತರ 28 ಮಿಲಿಮೀಟರ್. ಐದೂವರೆ ಅಡಿ ಮನುಷ್ಯ 28 ಮಿಲಿಮೀಟರ್ ಆದರೆ ಒಂದು ಅಡಿಗೆ ಸುಮಾರು 5 ಮಿಲಿಮೀಟರ್ ಬರುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು: 20 ಅಡಿಯ ಬಾಗಿಲು ಮೇಜಿನ ಮೇಲೆ 10 ಸೆಂಟಿಮೀಟರ್, 12 ಅಡಿಯ ಗುಡಿ 6 ಸೆಂಟಿಮೀಟರ್. ನಿಜವಾದ ತಾಜ್‌ಮಹಲ್ ಸುಮಾರು 73 ಮೀಟರ್ ಎತ್ತರ. ಅದನ್ನು 15 ಸೆಂಟಿಮೀಟರ್‌ಗೆ ಇಳಿಸಿದರೆ ಅದರ ಮುಂದೆ ನಿಲ್ಲಬೇಕಾದ ಮನುಷ್ಯ ಮೂರೂವರೆ ಮಿಲಿಮೀಟರ್ ಆಗುತ್ತಾನೆ. ನಮ್ಮ ಸೈನಿಕನನ್ನು ಪಕ್ಕಕ್ಕೆ ಇಟ್ಟರೆ ಗುಮ್ಮಟಕ್ಕೆ ರಾಕ್ಷಸ ಬಂದ ಹಾಗೆ ಕಾಣುತ್ತದೆ.

ಆಮೇಲೆ ಅಲೆದದ್ದು ಅಕ್ವೇರಿಯಂ ಅಂಗಡಿಗಳಿಗೆ. ಮೀನಿನ ತೊಟ್ಟಿಗೆ ಇಡುವ ಕೋಟೆಗಳು ಅಳತೆಗೆ ಹೊಂದುತ್ತವೆ, ಆದರೆ ಎಲ್ಲವೂ ಚೂಪು ಗೋಪುರದ ಯುರೋಪಿನ ಕೋಟೆಗಳೇ. ದಸರಾ ಗೊಂಬೆ ಅಂಗಡಿಗಳಲ್ಲಿ ಮಾತ್ರ ಸ್ವಲ್ಪ ಉಸಿರು ಬಂತು. ಮಣ್ಣಿನ ಮಂಟಪ, ತುಳಸಿ ಕಟ್ಟೆ, ಬಾವಿ, ಎತ್ತಿನ ಗಾಡಿ ಎಲ್ಲ ಇದ್ದವು. ಇವು ಇರಲಿ ಅಂತ ತಂದುಕೊಂಡೆವು. ಕೋಟೆ ಮಾತ್ರ ಅಲ್ಲೂ ಇರಲಿಲ್ಲ.

ನಮ್ಮ ಮನೆ ಓನರ್ ಅಮ್ಮ ಇದನ್ನೆಲ್ಲ ನೋಡಿ ನಕ್ಕರು. "ಏನ್ರಪ್ಪಾ, ಇದಕ್ಕೆ ಇಂಗ್ಲಿಷ್ ಹೆಸರು ಬೇರೆ! ಗೊಂಬೆ ಕೂರಿಸೋವಾಗ ನಾವು ಮಾಡೋದು ಇನ್ನೇನು?" ಎಂದರು. ಮಾತು ನಿಜ. ಗೊಂಬೆ ಹಬ್ಬಕ್ಕೆ ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ ಹೊಲ ಮಾಡುತ್ತಾರೆ, ಕನ್ನಡಿ ಇಟ್ಟು ಕೆರೆ ಮಾಡುತ್ತಾರೆ, ಮರಳಿನಲ್ಲಿ ದಾರಿ ಎಳೆಯುತ್ತಾರೆ. ಮೇಜಿನ ಯುದ್ಧದವರು ದುಡ್ಡು ಕೊಟ್ಟು ತರಿಸುವ ಗುಡ್ಡ, ಹೊಳೆ, ಹುಲ್ಲು ನಮ್ಮ ಮನೆಗಳಲ್ಲಿ ಹೆಂಗಸರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದೇ. ನಮ್ಮ ಮೇಜಿನ ಹೊಲಕ್ಕೂ ಆ ಅಮ್ಮನೇ ರಾಗಿ ಮೊಳಕೆ ಬರಿಸಿಕೊಟ್ಟರು.

ಕೊಳ್ಳಲು ಸಿಗದ ಮೇಲೆ ಮಾಡಬೇಕು, ಮಾಡಬೇಕಾದರೆ ಅಳೆಯಬೇಕು. ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಸಿಟಿ ಮಾರ್ಕೆಟ್ ಹತ್ತಿರ ಇಳಿದೆವು. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಾಲಿ ಕಾಲದಲ್ಲಿ ಕಲ್ಲಿನಲ್ಲಿ ಕಟ್ಟಲಾಯಿತು. ಆಗ ಅದು ಮೊಟ್ಟೆಯಾಕಾರದ ದೊಡ್ಡ ಕೋಟೆ. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ತುಂಡು ಗೋಡೆ. ಉಳಿದದ್ದು ರಸ್ತೆ, ಕಟ್ಟಡಗಳ ಕೆಳಗೆ ಹೋಯಿತು. ಬ್ರಿಟಿಷರು ನುಗ್ಗಿದ ಜಾಗ ಇದೇ ಅಂತ 1791ರ ತಾರೀಕು ಬರೆದ ಕಲ್ಲು ಮಾತ್ರ ಗೋಡೆಯಲ್ಲಿ ಭದ್ರವಾಗಿದೆ.

ಕಾವಲಿನವರನ್ನು ಕೇಳಿಕೊಂಡು ಟೇಪು ಬಿಚ್ಚಿದೆವು. ಬಾಗಿಲ ಅಗಲಕ್ಕೆ ಟೇಪು, ಗೋಡೆಯ ಎತ್ತರಕ್ಕೆ ಕಲ್ಲಿನ ವರಸೆ ಎಣಿಸುವುದು. ಕೈಗೆ ಎಟುಕದ ಎತ್ತರಕ್ಕೆ ನೆರಳಿನ ಲೆಕ್ಕ: 5 ಅಡಿ ಕೋಲಿನ ನೆರಳು 4 ಅಡಿ ಇರುವಾಗ ಗೋಡೆಯ ನೆರಳು 16 ಅಡಿ ಬಿದ್ದರೆ ಗೋಡೆ 20 ಅಡಿ.

ಬಿದ್ದುಹೋದ ಭಾಗಗಳಿಗೆ ಏನು ಮಾಡುವುದು? ಹುಡುಕಿದಾಗ ಸಿಕ್ಕಿದ್ದು ಎರಡು. ಒಂದು, ಬ್ರಿಟಿಷರು ಬರೆದ ಮುತ್ತಿಗೆಯ ನಕ್ಷೆಗಳು. ಇನ್ನೊಂದು, ಆ ಸೈನ್ಯದ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್‌ನ ಚಿತ್ರಗಳು, 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಬುರುಜು ಎಲ್ಲಿ, ಕಂದಕ ಎಲ್ಲಿ, ಎಲ್ಲ ಅದರಲ್ಲಿದೆ. ಇದನ್ನು ನೋಡುತ್ತಾ ನಮಗೆ ಒಂದು ಥರ ಆಯಿತು. ನಮ್ಮ ಕೋಟೆಯ ಲೆಕ್ಕಾಚಾರ ನಮ್ಮ ಕೈಗೆ ಸಿಕ್ಕಿದ್ದು ಅದನ್ನು ಒಡೆಯಲು ಬಂದವರ ಕಡತದಿಂದ. ಗುಂಡು ಹಾರಿಸಬೇಕಾದವನು ಗೋಡೆಯನ್ನು ಸರಿಯಾಗಿ ಅಳೆದುಕೊಳ್ಳುತ್ತಾನೆ. ಗೋಡೆಯ ಒಳಗೆ ಬದುಕುವವನಿಗೆ ಅದು ಹೊಳೆಯುವುದಿಲ್ಲ, ದಿನಾ ನೋಡುವ ಗೋಡೆ ತಾನೇ.

ಪೇಟೆಯ ಮನೆಗಳ ಕತೆ ಇನ್ನೂ ಕಷ್ಟ. ಪೇಟೆಗೆ ಸುತ್ತ ಕಂದಕ, ಮುಳ್ಳುಬೇಲಿ ಇತ್ತು ಅನ್ನುವುದು ಗೊತ್ತು. ಆದರೆ ನೇಕಾರನ ಮನೆ, ಎಣ್ಣೆ ಗಾಣದ ಮನೆ ಎಷ್ಟು ಅಡಿ ಇತ್ತು? ಅದನ್ನು ಅಳೆದುಕೊಳ್ಳುವ ಅಗತ್ಯ ಯಾವ ಫಿರಂಗಿಗೂ ಇರಲಿಲ್ಲ. ಹಾಗಾಗಿ ನಾವು ನಮ್ಮ ನಮ್ಮ ಊರುಗಳಿಗೆ ಫೋನು ಮಾಡಿದೆವು. ಮಂಡ್ಯ ಕಡೆಯಿಂದ ಒಂದು ತೊಟ್ಟಿ ಮನೆಯ ಅಳತೆ ಬಂತು, ಕೊಪ್ಪಳ ಕಡೆಯಿಂದ ಮಣ್ಣಿನ ಮಾಳಿಗೆ ಮನೆಯದು. ಒಬ್ಬರ ತಾತ ಅಳೆದು ಕೊಟ್ಟು ಜೊತೆಗೆ ಎಚ್ಚರಿಕೆಯನ್ನೂ ಹೇಳಿದರು: "ಮಂಗಳೂರು ಹೆಂಚು ಹಾಕ್ಬೇಡ್ರೋ, ಅದು ಆಮೇಲೆ ಬಂದಿದ್ದು." ಸರಿಯಾದ ಮಾತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. 1791ರ ಮನೆಗೆ ನಾಡಹೆಂಚೇ ಆಗಬೇಕು. ಜ್ಯೂಸ್ ಕುಡಿಯುವ ಸ್ಟ್ರಾಗಳನ್ನು ಉದ್ದಕ್ಕೆ ಸೀಳಿ, ತುಂಡು ಮಾಡಿ, ಕೆಂಪು ಬಣ್ಣ ಬಳಿದು ಸಾಲಾಗಿ ಅಂಟಿಸಿದರೆ ನಾಡಹೆಂಚು ತಯಾರು. ಗೋಡೆಗೆ ಥರ್ಮಾಕೋಲ್, ಅದರ ಮೇಲೆ ಫೆವಿಕಾಲ್ ಕಲಸಿದ ಕೆಮ್ಮಣ್ಣು.

ತಾತ ಅಳೆದ ಆ ಮನೆಯನ್ನು ಬೀಳಿಸಿ ಆರ್‌ಸಿಸಿ ಮನೆ ಕಟ್ಟುವ ಮಾತು ಮನೆಯವರಲ್ಲಿ ನಡೆಯುತ್ತಿದೆ. ಅದು ತಪ್ಪೇನಲ್ಲ, ಸೋರುವ ಮನೆಯಲ್ಲಿ ಇರಿ ಅಂತ ಹೇಳಲು ನಾವು ಯಾರು? ಆದರೆ ಬೀಳುವ ಮೊದಲು ಅದರ ಅಳತೆ ಒಂದು ಕಾಗದದ ಮೇಲೆ ಬಂದಿದೆ. ಕಾಡುಗೋಡಿಯ ಸುತ್ತಮುತ್ತ ಅಪಾರ್ಟ್‌ಮೆಂಟ್‌ಗಳಿಗಾಗಿ ಬಿದ್ದ ಹೆಂಚಿನ ಮನೆಗಳಿಗೆ ಅಷ್ಟೂ ಆಗಲಿಲ್ಲ.

ಈ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡುತ್ತಿರುವವರೂ ಇದ್ದಾರೆ. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಿನ ಶಾಸನ, ವೀರಗಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ. ಹಾಗೆ ಸ್ಕ್ಯಾನ್ ಆದ ಕಲ್ಲು ನಾಳೆ ಕಳೆದುಹೋದರೂ ಅದರ ಆಕಾರ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಬೇಕಾದರೆ ಅಂಗೈ ಅಗಲಕ್ಕೆ ಪ್ರಿಂಟ್ ಕೂಡ ತೆಗೆಯಬಹುದು.

ನಿಮಗೆ ಅಷ್ಟೆಲ್ಲ ಬೇಡ. ನಿಮ್ಮೂರಿನ ಚಾವಡಿ, ಮಾರಮ್ಮನ ಗುಡಿ, ಹಳೇ ಮನೆ, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಗುಡಿಯಾದರೆ ಪೂಜಾರಪ್ಪನನ್ನು, ಮನೆಯಾದರೆ ಮನೆಯವರನ್ನು ಕೇಳಿಕೊಳ್ಳಿ. ಉದ್ದ, ಅಗಲ, ಬಾಗಿಲ ಎತ್ತರ, ಗೋಡೆಯ ದಪ್ಪ ಬರೆದುಕೊಳ್ಳಿ. ಮುಂದೆ ಒಬ್ಬರನ್ನು ನಿಲ್ಲಿಸಿ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಿರಿ, ನಿಂತವರ ಎತ್ತರವನ್ನೂ ಬರೆಯಿರಿ. ಅರ್ಧ ಗಂಟೆಯ ಕೆಲಸ.

ನಮ್ಮ ದೆಹಲಿ ಬಾಗಿಲು ಮೇಜಿನ ಮೇಲೆ ನಿಂತಿದೆ. ಅದರ ಮುಂದಿನ ಪೇಟೆಯಲ್ಲಿ ಸದ್ಯಕ್ಕೆ ಒಂಬತ್ತು ಮನೆಗಳಿವೆ, ಇನ್ನೂ ಬಹಳ ಜಾಗ ಖಾಲಿ ಇದೆ. ನೀವು ಅಳೆದ ಮನೆಯ ಅಳತೆ ಕಳಿಸಿದರೆ ಮುಂದಿನ ಭಾನುವಾರ ಅದನ್ನೇ ಕಟ್ಟುತ್ತೇವೆ. ಒಂದು ಅಡಿಗೆ 5 ಮಿಲಿಮೀಟರ್.