ಮೆಗಿದ್ದೋ ದಿಬ್ಬ

ಗುಂಪಿನೊಡನೆ ದೇಶಾಟನೆಗೆ ಹೊರಟವನಿಗೆ ಕಣ್ಣು ತನ್ನದಾದರೂ ಹೊತ್ತು ಮಾತ್ರ ಪರರದು. ಚಾಮರಾಜನಗರ, ಗುಂಡ್ಲುಪೇಟೆಗಳಿಂದ ಇಸ್ರೇಲಿಗೆ ಹೋಗಿದ್ದ ನಮ್ಮ ತಂಡಕ್ಕೆ ಪುರಾತನವಾದ ಮೆಗಿದ್ದೋ ನಗರದಲ್ಲಿ ದೊರೆತ ಅವಕಾಶ ಒಂದೂವರೆ ಗಂಟೆ. ಸೊಲೊಮೋನನು ಕೋಟೆ ಕಟ್ಟಿಸಿದನೆಂದೂ ಯೋಷೀಯ ರಾಜನು ಮಡಿದನೆಂದೂ ಬೈಬಲು ಹೇಳುವ ಊರು ಅದು. ಕಡೆಯ ಕಾಲದ ಮಹಾಯುದ್ಧಕ್ಕೆ ಹೇಳಿರುವ ‘ಹರ್ಮಗೆದೋನ್’ ಎಂಬ ಹೆಸರಿಗೂ ಅದೇ ಮೂಲವೆಂದು ಬಲ್ಲವರು ಹೇಳುತ್ತಾರೆ. ಈಗ ಅಲ್ಲಿರುವುದು ಜನವಸತಿಯಿಲ್ಲದ ಒಂದು ದಿಬ್ಬ. ಹಾಳಾದ ಊರಿನ ಮೇಲೆ ಮತ್ತೊಂದು ಊರು ಎದ್ದು ಉಂಟಾದ ಇಪ್ಪತ್ತಕ್ಕೂ ಮಿಕ್ಕ ಪದರಗಳನ್ನು ಶೋಧಕರು ಅದರಲ್ಲಿ ಗುರುತಿಸಿದ್ದಾರೆ.

ಬಿಸಿಲು ಏರಿತ್ತು. ಜೆರುಸಲೇಮಿನಲ್ಲಿ ಭಕ್ತಿಯಿಂದ ಕಣ್ಣೀರಿಟ್ಟಿದ್ದ ಸಂಗಡಿಗರಿಗೆ ಈ ಕಲ್ಲುರಾಶಿ ನೀರಸವೆನಿಸಿತು. ಕೆಲವರು ನೆರಳನ್ನು ಅರಸಿದರು. ಆಗ ತೆರಕಣಾಂಬಿಯ ಕಡೆಯ ವೃದ್ಧ ಬೇಸಾಯಗಾರರೊಬ್ಬರು, “ಇಷ್ಟು ಎತ್ತರದಲ್ಲಿದ್ದ ಊರು ನೀರಿಗೇನು ಮಾಡುತ್ತಿತ್ತು ಸ್ವಾಮಿ? ಹಗೆಗಳು ಬಂದು ಕೋಟೆಯ ಸುತ್ತ ಕುಳಿತರೆ ಗತಿಯೇನು?” ಎಂದರು. ಮಳೆ ಕೈಕೊಟ್ಟ ವರ್ಷಗಳನ್ನು ಎಣಿಸಿ ಬಲ್ಲ ಸೀಮೆಯವರಿಗೆ ಹೊಳೆಯತಕ್ಕ ಪ್ರಶ್ನೆ! ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದೊಡನೆ ಮಾರ್ಗದರ್ಶಿಯ ಮುಖವರಳಿತು. ಆತನು ನಮ್ಮನ್ನು ಮೆಟ್ಟಿಲಿಳಿಸಿ ನೆಲದೊಳಕ್ಕೆ ಕರೆದೊಯ್ದನು.

ಬುಗ್ಗೆಯಿದ್ದುದು ಕೋಟೆಯ ಹೊರಗೆ, ದಿಬ್ಬದ ಬುಡದಲ್ಲಿ. ಅದನ್ನು ಹಗೆಗಳ ಕೈಗೆ ಬಿಡಲೊಲ್ಲದೆ ಊರವರು ಕೋಟೆಯೊಳಗೆ ಆಳವಾದ ಕೂಪವನ್ನು ತೋಡಿ, ಅದರ ತಳದಿಂದ ಬಂಡೆಯಲ್ಲಿ ಸುಮಾರು 70 ಮೀಟರ್ ಸುರಂಗ ಕೊರೆದು ನೀರನ್ನು ಮುಟ್ಟಿದರು. ಬುಗ್ಗೆಯ ಹೊರಬಾಯಿಯನ್ನು ಗೋಡೆಯಿಂದ ಮುಚ್ಚಿದರು. ತಣ್ಣನೆಯ ಆ ಕತ್ತಲಲ್ಲಿ ನಮ್ಮವರ ಬೇಸರವೆಲ್ಲ ಹರಿಯಿತು. ಮೇಲೆ ನೀರಸವೆನಿಸಿದ್ದ ಕಲ್ಲುಗಳ ನಡುವೆ ಕೊಡ ಹೊತ್ತ ಹೆಂಗಸರು ಕಾಣತೊಡಗಿದರು.

ಈ ನಾಡಿಗೂ ನಮ್ಮ ಮೈಸೂರಿಗೂ ನಂಟುಂಟು. 1918ರ ಸೆಪ್ಟೆಂಬರಿನಲ್ಲಿ ಇಲ್ಲಿ ನಡೆದ ಯುದ್ಧವನ್ನು ಚರಿತ್ರೆಕಾರರು ಮೆಗಿದ್ದೋವಿನ ಹೆಸರಿನಿಂದಲೇ ಕರೆಯುತ್ತಾರೆ. ಆ ತಿಂಗಳ 23ರಂದು ಸಮೀಪದ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವರು ಜೋಧಪುರದ ಮತ್ತು ಮೈಸೂರಿನ ರಾವುತರು. ಎಲೀಯ ಪ್ರವಾದಿಯ ಕಥೆಯಿಂದ ಪ್ರಸಿದ್ಧವಾದ ಕರ್ಮೆಲ್ ಬೆಟ್ಟವನ್ನೇರಿ ಮೈಸೂರಿನವರು ಅಲ್ಲಿನ ಫಿರಂಗಿಗಳನ್ನು ಹಿಡಿದರು. ಆ ಕಾಳಗದಲ್ಲಿ ಮಡಿದ ಸೈನಿಕರು 8 ಮಂದಿ; ಸತ್ತ ಕುದುರೆಗಳು 60.

ಮರುದಿನ ಹೈಫಾದಲ್ಲಿ ಈ ವೃತ್ತಾಂತವನ್ನು ಕೇಳಿ ಆ ಹಿರಿಯರು ಬಹಳ ಹೊತ್ತು ಬೆಟ್ಟವನ್ನೇ ನೋಡುತ್ತಿದ್ದರು. ಬಳಿಕ, “ಅಷ್ಟು ಕುದುರೆಗಳಿಗೆ ದಾರಿಯಲ್ಲಿ ನೀರು ಯಾರು ಕೊಟ್ಟರೋ?” ಎಂದರು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ರಾಜರ ಹೆಸರುಗಳು ಗ್ರಂಥಗಳಲ್ಲಿ ನಿಲ್ಲುತ್ತವೆ. ನೀರು ಹೊತ್ತವರ ಹೆಸರನ್ನು ಬರೆದಿಡುವವರು ವಿರಳ. ತೆರಕಣಾಂಬಿಯ ಹಳೆಯ ಗುಡಿಗಳ ಕಡೆಗೆ ಹೋದಾಗಲೆಲ್ಲ ನಾನು ಈಗ ಶಾಸನವನ್ನು ಹುಡುಕುವುದಕ್ಕೆ ಮೊದಲು, ಊರಿನ ಕೆರೆಯೆಲ್ಲಿ ಎಂದು ಕೇಳುತ್ತೇನೆ.