ತುದಿ ಮುಟ್ಟದೆ ಇಳಿದ ದಿನ

ಕುದುರೆಮುಖದ ತುದಿ ನೋಡಿದ್ದೀರಾ ಎಂದು ಯಾರಾದರೂ ಕೇಳಿದರೆ, ‘ಹತ್ತಿರದವರೆಗೆ ಹೋಗಿದ್ದೇನೆ’ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಅಷ್ಟು ದೂರ ಹೋದವರು ಇನ್ನೊಂದಿಷ್ಟು ಹತ್ತಬಾರದಿತ್ತೇ ಎನ್ನುತ್ತಾರೆ. ಆಗ ಅವರಿಗೆ ಆ ದಿನದ ಕತೆ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

2018ರ ಅಕ್ಟೋಬರ್ ತಿಂಗಳ ಕೊನೆಯ ವಾರ. ತಂಗಿಯ ಮಗ ಮತ್ತು ಅವನ ನಾಲ್ವರು ಗೆಳೆಯರು ಬೆಟ್ಟ ಹತ್ತಬೇಕೆಂದು ಹಟ ಹಿಡಿದಿದ್ದರು. ಎಲ್ಲರೂ ಕಾಲೇಜು ಹುಡುಗರು. ಹಿರಿಯರೊಬ್ಬರು ಜೊತೆಗಿದ್ದರೆ ಮಾತ್ರ ಕಳಿಸುತ್ತೇನೆ ಎಂದು ತಂಗಿ ಹೇಳಿದ್ದರಿಂದ ಆ ಹಿರಿಯ ನಾನಾದೆ. ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು: “ಮಗ್ರಿಬ್ ಹೊತ್ತಿಗೆ ಒಂದು ಫೋನ್ ಮಾಡಿ.”

ಕುದುರೆಮುಖ ಸುಮಾರು 1,890 ಮೀಟರ್ ಎತ್ತರದ ಬೆಟ್ಟ. ಕಳಸದ ಕಡೆಯ ಮುಳ್ಳೋಡಿಯಿಂದ ಹತ್ತಿ ಇಳಿಯಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ರಾಷ್ಟ್ರೀಯ ಉದ್ಯಾನವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು, ಬೆಟ್ಟದ ಮೇಲೆ ರಾತ್ರಿ ತಂಗುವಂತಿಲ್ಲ. ನಮಗೆ ದಾರಿ ತೋರಿಸಲು ಬಂದವರು ಆ ಊರಿನವರೇ, ಐವತ್ತು ದಾಟಿದವರು. ನಾನು ಅವರನ್ನು ಗೌಡ್ರೇ ಎಂದು ಕರೆಯುತ್ತಿದ್ದೆ. ಬೆಳಿಗ್ಗೆ ಏಳಕ್ಕೆ ಹೊರಡಬೇಕೆಂದು ಅವರು ಹಿಂದಿನ ರಾತ್ರಿಯೇ ಹೇಳಿದ್ದರು. ಹುಡುಗರು ಎದ್ದು, ತಿಂಡಿ ಮುಗಿಸಿ, ಫೋಟೋ ತೆಗೆಸಿಕೊಂಡು ಹೊರಡುವಾಗ ಎಂಟೂವರೆ ಆಗಿತ್ತು. ಆ ಒಂದೂವರೆ ಗಂಟೆಯ ಬೆಲೆ ನಮಗೆ ಸಂಜೆ ತಿಳಿಯಿತು.

ದಾರಿ ಬಹಳ ಚೆಂದ. ಕಣಿವೆಗಳಲ್ಲಿ ಶೋಲಾ ಕಾಡು, ಅದರ ಮೇಲೆ ಹಸಿರು ಹುಲ್ಲಿನ ಬೆಟ್ಟಗಳು. ಮಳೆಗಾಲದ ನೀರನ್ನು ಈ ಕಾಡು ಮತ್ತು ಹುಲ್ಲು ಹಿಡಿದಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಡುತ್ತವೆ. ಆದ್ದರಿಂದಲೇ ಬೇಸಿಗೆಯಲ್ಲೂ ಕೆಳಗಿನ ಹಳ್ಳಗಳಲ್ಲಿ ನೀರು. ದಾರಿಯಲ್ಲಿ ಅಂಥದ್ದೇ ಒಂದು ಹಳ್ಳದ ಬಳಿ ಹುಡುಗನೊಬ್ಬ ಸೋಪು ತೆಗೆದು ಮುಖ ತೊಳೆಯಹೊರಟ. ಗೌಡರು ತಡೆದರು. “ಇದೇ ನೀರನ್ನ ಕೆಳಗೆ ನಮ್ಮ ಮನೆಯವರು ಕುಡಿಯೋದು ಮಗಾ” ಎಂದರು. ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ನಾವು ಮದ್ರಸದಲ್ಲಿ ಕಲಿತವರು. ಕಲಿತದ್ದನ್ನು ಅವರು ನೆನಪಿಸಬೇಕಾಯಿತು.

ಒಂದು ಗಂಟೆಯ ಹೊತ್ತಿಗೆ ಕೊನೆಯ ಏರಿನ ಬುಡಕ್ಕೆ ತಲುಪಿದೆವು. ತುದಿ ಕಣ್ಣೆದುರೇ ಇತ್ತು. ಗೌಡರು ಮಾತ್ರ ಆಕಾಶ ನೋಡುತ್ತಿದ್ದರು. ಹಿಂಗಾರಿನ ದಿನಗಳಲ್ಲಿ ಬೆಳಿಗ್ಗೆ ಬಿಸಿಲು ಇರುತ್ತದೆ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಮಿಂಚಿನೊಂದಿಗೆ ಸುರಿಯುತ್ತದೆ.

“ಸಾಕು ಸಾರ್, ತಿರುಗೋಣ. ಮಳೆ ಬಂದ್ರೆ ಹಳ್ಳ ಏರ್ತದೆ” ಎಂದರು.

“ಮಾಮ, ಇನ್ನೇನು ಅರ್ಧ ಗಂಟೆ” ಎಂದ ತಂಗಿಯ ಮಗ.

ನಿಜ ಹೇಳಬೇಕೆಂದರೆ ಆಸೆ ಹುಡುಗರಿಗೆ ಮಾತ್ರ ಇರಲಿಲ್ಲ, ನನಗೂ ಇತ್ತು. ಇಷ್ಟು ದೂರ ಬಂದು, ಹಣ ಕೊಟ್ಟು, ಬರಿಗೈಯಲ್ಲಿ ಮರಳುವುದೇ ಎಂದೆನಿಸಿತು. ಹಣ ಕೊಟ್ಟವರು ನಾವು, ನಿರ್ಧಾರವೂ ನಮ್ಮದು ಎಂಬ ಅಹಂ ಅದರ ಹಿಂದೆ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. “ಸ್ವಲ್ಪ ನೋಡೋಣ ಗೌಡ್ರೇ” ಎಂದು ಹತ್ತತೊಡಗಿದೆ. ಅವರು ಮಾತಾಡದೆ ಹಿಂದೆ ಬಂದರು.

ಅರ್ಧ ಗಂಟೆಯಲ್ಲಿ ತುದಿ ಮೋಡದೊಳಗೆ ಮರೆಯಾಯಿತು. ಹತ್ತಿರದಲ್ಲೇ ಸಿಡಿಲು ಬಡಿದಂತಾಯಿತು. ಆಗ ಯಾರೂ ವಾದ ಮಾಡಲಿಲ್ಲ, ಇಳಿಯತೊಡಗಿದೆವು. ಮಳೆ ಸುರಿಯಿತು. ಈ ದಾರಿಯಲ್ಲಿ ಹುಲ್ಲಿನ ಬಯಲಿನ ನಡುವೆ ಒಂದು ಮರವಿದೆ, ಎಲ್ಲರೂ ‘ಒಂಟಿ ಮರ’ ಎನ್ನುತ್ತಾರೆ. ಹುಡುಗರು ಅದರ ಕೆಳಗೆ ನಿಲ್ಲಲು ಓಡಿದರು. ಅಷ್ಟು ಹೊತ್ತು ಸುಮ್ಮನಿದ್ದ ಗೌಡರು ಮೊದಲ ಬಾರಿ ದನಿ ಎತ್ತಿ ಬೈದರು. ಬಯಲಿನಲ್ಲಿ ಎತ್ತರವಾಗಿರುವುದರ ಮೇಲೆಯೇ ಸಿಡಿಲು ಬೀಳುವ ಅಪಾಯ ಹೆಚ್ಚು. ಅಲ್ಲಿ ನಿಲ್ಲದೆ, ಒಬ್ಬರಿಗೊಬ್ಬರು ಅಂತರ ಬಿಟ್ಟು, ಬೇಗ ಏಣಿನಿಂದ ಕೆಳಗಿಳಿಯಬೇಕು ಎಂದರು. ಹಾಗೆಯೇ ಮಾಡಿದೆವು.

ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಸಂಜೆ ಮೊಣಕಾಲು ದಾಟಿ ಕೆಂಪಗೆ ಹರಿಯುತ್ತಿತ್ತು. ಒಬ್ಬರ ಕೈ ಒಬ್ಬರು ಹಿಡಿದು ದಾಟುವಾಗ ತಂಗಿಯ ಮಗ ಕಲ್ಲಿನ ಮೇಲೆ ಜಾರಿ ಬಿದ್ದ. ಗೌಡರು ಅವನ ಅಂಗಿ ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೋ ಅಲ್ಲಾಹನೇ ಬಲ್ಲ. ಪಾದದ ಗಂಟು ನೋಡುನೋಡುತ್ತಿದ್ದಂತೆ ಊದಿಕೊಂಡಿತು. ಕಾಲೂರಲು ಆಗಲಿಲ್ಲ. ಅಲ್ಲಿಂದ ಅವನನ್ನು ಸರದಿಯಂತೆ ಬೆನ್ನ ಮೇಲೆ ಹೊತ್ತೆವು. ಕತ್ತಲಾಯಿತು. ಏಳು ಜನರಲ್ಲಿ ಟಾರ್ಚ್ ಇದ್ದದ್ದು ಗೌಡರ ಬಳಿ ಮಾತ್ರ, ನಮ್ಮ ಮೊಬೈಲುಗಳೆಲ್ಲ ಒದ್ದೆಯಾಗಿದ್ದವು. ಒಣಗಿದ್ದರೂ ಅಲ್ಲಿ ನೆಟ್‌ವರ್ಕ್ ಇಲ್ಲ. ಹೊತ್ತಾದರೂ ನಾವು ಇಳಿಯಲಿಲ್ಲವೆಂದು ಕೆಳಗಿನ ಮನೆಯವರು ಬೆಳಕು ಹಿಡಿದು ಎದುರು ಬಂದರು. ಮುಳ್ಳೋಡಿ ತಲುಪುವಾಗ ಎಂಟು ಗಂಟೆ. ತಂಗಿಗೆ ಫೋನ್ ಮಾಡಲು ಸಾಧ್ಯವಾದದ್ದು ಹತ್ತರ ಬಳಿಕ. ಮೊದಲ ರಿಂಗಿಗೇ ಎತ್ತಿದಳು. ಬೈಯಲಿಲ್ಲ, ಬರೀ ಅತ್ತಳು. ಬೈದಿದ್ದರೆ ಚೆನ್ನಾಗಿತ್ತು.

ಮೂಳೆ ಸೀಳಿತ್ತು, ಆರು ವಾರ ಪ್ಲಾಸ್ಟರು. ಅಷ್ಟರಲ್ಲೇ ಮುಗಿದದ್ದು ನಮ್ಮ ಪುಣ್ಯ.

ಆಮೇಲೆಯೂ ನಾನು ಬೆಟ್ಟಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಹೋಗುವ ರೀತಿ ಮಾತ್ರ ಬದಲಾಗಿದೆ. ಎಷ್ಟು ಗಂಟೆಗೆ ಎಲ್ಲೇ ಇದ್ದರೂ ಹಿಂದೆ ತಿರುಗಬೇಕು ಎಂಬುದನ್ನು ಹೊರಡುವ ಮೊದಲೇ ನಿಶ್ಚಯಿಸುತ್ತೇವೆ. ಬೆಟ್ಟದ ಮೇಲೆ ನಿಂತು ನಿಶ್ಚಯಿಸುವಾಗ ಬುದ್ಧಿಗಿಂತ ಆಸೆ ದೊಡ್ಡದಾಗಿರುತ್ತದೆ. ಯಾವ ದಾರಿ, ಯಾರು ಯಾರು, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲೂ ಕೆಳಗಿನ ಊರಿನಲ್ಲೂ ಬರೆದು ಕೊಡುತ್ತೇವೆ. ಪ್ರತಿಯೊಬ್ಬರ ಚೀಲದಲ್ಲೂ ಟಾರ್ಚ್, ಸೀಟಿ, ಮಳೆ ಅಂಗಿ, ಕನಿಷ್ಠ ಎರಡು ಲೀಟರ್ ನೀರು, ಖರ್ಜೂರ, ಬ್ಯಾಂಡೇಜು ಇರಲೇಬೇಕು. ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ತಂಡದ ವೇಗ. ಉಂಬಳ ಕಚ್ಚಿದರೆ ಗಾಬರಿ ಬೇಡ, ಉಗುರಿನಿಂದ ಮೆಲ್ಲನೆ ಬದಿಗೆ ಸರಿಸಿದರೆ ಬಿಡುತ್ತದೆ. ಉಣ್ಣಿಯ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಮೈತುಂಬ ಬಟ್ಟೆ ತೊಟ್ಟು ಹೋಗಬೇಕು, ಮರಳಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋದ ವಿಷಯವನ್ನು ವೈದ್ಯರಿಗೆ ಹೇಳಬೇಕು.

ಇದೆಲ್ಲ ನಮ್ಮ ಕ್ಷೇಮದ ಮಾತಾಯಿತು. ಬೆಟ್ಟದ ಕ್ಷೇಮವೂ ಇದೆಯಲ್ಲ? ಕುದುರೆಮುಖದ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಯಲ್ಲಿ ನಿಂತಾಗ ನಾವೆಲ್ಲ ಸಂತೋಷಪಟ್ಟವರು. ಅದೇ ಬೆಟ್ಟದಲ್ಲಿ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಎಸೆದು ಬರುವವರೂ ನಾವೇ. ದಾರಿ ಬಿಟ್ಟು ಅಡ್ಡದಾರಿ ಹಿಡಿದು ಹುಲ್ಲು ತುಳಿದರೆ, ಆ ಗೀರು ಮುಂದಿನ ಮಳೆಗಾಲದಲ್ಲಿ ಕೊರಕಲಾಗಿ ಮಣ್ಣೆಲ್ಲ ಕೊಚ್ಚಿಹೋಗುತ್ತದೆ. ಬೇಸಿಗೆಯ ಒಣಹುಲ್ಲಿಗೆ ಒಂದು ಬೀಡಿಯ ತುಂಡು ಸಾಕು, ಇಡೀ ಬೆಟ್ಟ ಹೊತ್ತಿಕೊಳ್ಳುತ್ತದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ನೀವೂ ನೋಡಿರಬಹುದು. ಆ ಬಳಿಕ ಸರಕಾರ ಕೆಲಕಾಲ ಚಾರಣ ನಿಲ್ಲಿಸಿ, ಆನ್‌ಲೈನಿನಲ್ಲಿ ಮುಂಗಡ ಹೆಸರು ನೋಂದಾಯಿಸುವ, ದಿನಕ್ಕೆ ಇಷ್ಟೇ ಜನ ಎಂಬ ನಿಯಮ ತಂದಿತು. ಕೆಲವರು ಇದನ್ನು ಕಿರಿಕಿರಿ ಎನ್ನುತ್ತಾರೆ. ನಾವೇ ಮಿತಿ ತಿಳಿದಿದ್ದರೆ ಇದರ ಅಗತ್ಯವೇ ಬರುತ್ತಿರಲಿಲ್ಲ.

ದಾರಿಯಲ್ಲಿರುವ ಮುಳ್ಳನ್ನು ಸರಿಸುವುದೂ ಈಮಾನಿನ ಒಂದು ಅಂಶವೆಂದು ಚಿಕ್ಕಂದಿನಿಂದ ಕೇಳಿದ್ದೇವೆ. ಹಾಗಾದರೆ ದಾರಿಯಲ್ಲಿ ಗಾಜು, ಪ್ಲಾಸ್ಟಿಕ್ಕು ಎಸೆಯುವುದು ಯಾವುದರ ಅಂಶ? ನೆಲದ ಮೇಲೆ ಬೀಗಿ ನಡೆಯುವವರನ್ನು ಕುರ್‌ಆನ್ ಎಚ್ಚರಿಸುವಾಗ ಬೆಟ್ಟದ ಎತ್ತರವನ್ನೇ ನೆನಪಿಸುತ್ತದೆ. ಎಷ್ಟೋ ಸಲ ಓದಿದ್ದ ಆ ಮಾತಿನ ಅರ್ಥ ನನಗೆ ಮನಸ್ಸಿಗೆ ತಟ್ಟಿದ್ದು ಆ ಹಳ್ಳದ ದಡದಲ್ಲಿ, ಮಳೆಯಲ್ಲಿ ನೆನೆಯುತ್ತಾ ನಿಂತಾಗ.

ಗೌಡರಿಗೆ ಆ ರಾತ್ರಿ ಹೆಚ್ಚಿನ ಹಣ ಕೊಡಹೋದೆ. ತೆಗೆದುಕೊಳ್ಳಲಿಲ್ಲ. “ಮುಂದಿನ ಸಲ ನಾನು ಸಾಕು ಅಂದಾಗ ಕೇಳಿ ಸಾರ್, ಅಷ್ಟೇ ಸಾಕು” ಎಂದರು.

ತಂಗಿಯ ಮಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಚಳಿಗಾಲದಲ್ಲಿ ಗೆಳೆಯರನ್ನು ಕರೆದುಕೊಂಡು ಇನ್ನೊಂದು ಬೆಟ್ಟಕ್ಕೆ ಹೋಗಿದ್ದ. ಮಗ್ರಿಬ್‌ಗೆ ಮೊದಲೇ ಅವನ ಫೋನ್ ಬಂತು. ತುದಿ ಮುಟ್ಟಿದಿರಾ ಎಂದು ನಾನು ಕೇಳಲಿಲ್ಲ.

“ಎಲ್ಲರೂ ಇಳಿದಿರಾ?” ಎಂದು ಕೇಳಿದೆ.

“ಇಳಿದೆವು ಮಾಮ. ಉಮ್ಮನಿಗೂ ಫೋನ್ ಮಾಡಿ ಆಯಿತು” ಎಂದ.