ಯಶೋಭದ್ರೆಯ ಬಾಗಿಲು

ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿದ್ದ ಆ ಸಂಶೋಧನಾರ್ಥಿಗೆ ಎಂ.ಎ. ಮೊದಲ ವರ್ಷದವರಿಗೆ ಹಳಗನ್ನಡ ಗದ್ಯ ಬೋಧಿಸುವ ಹೊಣೆ ಬಂದದ್ದು ಯಾವ ಸಿದ್ಧತೆಯೂ ಇಲ್ಲದ ಒಂದು ಸೋಮವಾರ. ಸಂಶೋಧನಾರ್ಥಿಗಳು ತಮ್ಮ ವಿಷಯದ ಬೋಧನೆಯಲ್ಲಿ ತರಬೇತಿ ಪಡೆಯಬೇಕು, ಅವರಿಗೆ ವಾರಕ್ಕೆ 4ರಿಂದ 6 ಗಂಟೆಗಳ ಬೋಧನ ಸಹಾಯಕ ಕೆಲಸವನ್ನೂ ಕೊಡಬಹುದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿ ಹೇಳುತ್ತದೆ. ನಿಯಮದಲ್ಲಿರುವ ತರಬೇತಿ ಎಂಬ ಪದ ವಿಭಾಗದ ಕಾರಿಡಾರಿಗೆ ಇಳಿಯುವಷ್ಟರಲ್ಲಿ "ಮೇಷ್ಟ್ರು ರಜೆಯಲ್ಲಿದ್ದಾರೆ, ನೀವೊಂದು ಕ್ಲಾಸ್ ತೆಗೆದುಕೊಳ್ಳಿ" ಎಂಬಷ್ಟಕ್ಕೆ ಕುಗ್ಗಿರುತ್ತದೆ.

ಪಠ್ಯ ವಡ್ಡಾರಾಧನೆ. ಆತನ ಮಹಾಪ್ರಬಂಧದ ವಿಷಯವೂ ಅದೇ. ಆದುದರಿಂದ ಧೈರ್ಯವಿತ್ತು, ಅಪಾಯವಿದ್ದದ್ದೂ ಅಲ್ಲಿಯೇ. ಕೃತಿಯ ಕರ್ತೃ ಶಿವಕೋಟ್ಯಾಚಾರ್ಯನೋ ಭ್ರಾಜಿಷ್ಣುವೋ, ಹರಿಷೇಣನ ಬೃಹತ್ಕಥಾಕೋಶಕ್ಕೂ ಇಲ್ಲಿನ 19 ಕಥೆಗಳಿಗೂ ಇರುವ ಸಂಬಂಧವೇನು, ಡಿ.ಎಲ್. ನರಸಿಂಹಾಚಾರ್ಯರು ಸಂಪಾದನೆಯಲ್ಲಿ ಎದುರಿಸಿದ ಸಮಸ್ಯೆಗಳಾವುವು ಎಂಬುದನ್ನು ಆತ ಮುಕ್ಕಾಲು ಗಂಟೆ ನಿರರ್ಗಳವಾಗಿ ವಿವರಿಸಿದ. ಕೊನೆಯಲ್ಲಿ ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಕಥೆ ಯಾವಾಗ ಓದ್ತೀವಿ?" ಎಂದಳು.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕರು ಹೊರಗೆ ಬಂದ ಮೇಲೆ ಆಡಿದ್ದು ಒಂದೇ ಮಾತು: "ನೀನು ನಿನ್ನ ಪರೀಕ್ಷಕರಿಗೆ ಪಾಠ ಮಾಡಿದೆಯಪ್ಪ. ಅವರು ಇನ್ನೂ ಬಂದಿಲ್ಲ."

ಮರುವಾರದಿಂದ ಓದು ಮೊದಲಾಯಿತು. ಒಬ್ಬೊಬ್ಬರು ನಾಲ್ಕು ನಾಲ್ಕು ವಾಕ್ಯ ಗಟ್ಟಿಯಾಗಿ ಓದುವುದು, ತಡೆದಲ್ಲಿ ಎಲ್ಲರೂ ನಿಲ್ಲುವುದು. ಒಂದು ಗಂಟೆಯ ತರಗತಿಗೆ ಐದಾರು ಗಂಟೆಗಳ ತಯಾರಿ ಬೇಕಾಗುತ್ತಿತ್ತು. ತನಗೆ ಅರ್ಥವಾಗಿದೆ ಎಂದು ಆತ ನಂಬಿದ್ದ ವಾಕ್ಯಗಳು ಇನ್ನೊಬ್ಬರಿಗೆ ಬಿಡಿಸಿ ಹೇಳಹೊರಟಾಗ ಅರ್ಧಕ್ಕೆ ಕೈಕೊಡುತ್ತಿದ್ದವು. ೞಕಾರದ ವಿಷಯವನ್ನು ಆತ ಶಬ್ದಮಣಿದರ್ಪಣದಿಂದ ಆರಂಭಿಸಲಿಲ್ಲ; ಕಪ್ಪುಹಲಗೆಯ ಮೇಲೆ 'ಬಾಳ್' ಎಂದೂ 'ಬಾೞ್' ಎಂದೂ ಬರೆದು, ಒಂದು ಕತ್ತಿ, ಇನ್ನೊಂದು ಬದುಕು ಎಂದ. ಒಂದು ಅಕ್ಷರ ಕಳೆದುಹೋದಾಗ ಕತ್ತಿಯೂ ಬದುಕೂ ಒಂದೇ ಬರೆಹಕ್ಕೆ ಬಂದು ನಿಂತದ್ದನ್ನು ಕಂಡು ತರಗತಿ ನಕ್ಕಿತು. ಆಮೇಲೆ ಯಾರೂ ಆ ಅಕ್ಷರವನ್ನು ಮರೆಯಲಿಲ್ಲ. 'ಕೂೞ್' ಬಂದಾಗ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ, "ನಮ್ಮಲ್ಲಿ ಅದು ಬೈಗುಳ ಸರ್, ಕೂಳಿಗೆ ದಂಡ ಅಂತಾರೆ" ಎಂದ. ಅನ್ನವೆಂಬ ನೇರ ಅರ್ಥದ ಪದ ಹೀನಾರ್ಥಕ್ಕೆ ಇಳಿದ ಬಗೆಯನ್ನು ಆ ದಿನ ಪಾಠ ಮಾಡಿದವನು ಆ ಹುಡುಗನೇ ಎನ್ನಬೇಕು.

ತರಗತಿಯನ್ನು ಹೀಗೆ ಕಲಿತ ಆತ, ಒಬ್ಬರ ಬರೆಹಕ್ಕೆ ಜೊತೆಯಾಗುವುದನ್ನು ಕಲಿತದ್ದು ಬಹಳ ತಡವಾಗಿ, ಬೇರೊಬ್ಬರಿಗೆ ನಷ್ಟ ಮಾಡಿ.

ಕಥೆ ಯಾವಾಗ ಓದುವುದೆಂದು ಕೇಳಿದ್ದ ಹುಡುಗಿ ಮರುವರ್ಷ ತನ್ನ ಸಂಪ್ರಬಂಧಕ್ಕೆ ಸುಕುಮಾರಸ್ವಾಮಿಯ ಕಥೆಯನ್ನು ಆರಿಸಿಕೊಂಡಳು. ಕರಡು ತಿದ್ದುವ ಕೆಲಸ ಸಂಶೋಧನಾರ್ಥಿಯ ಪಾಲಿಗೆ ಬಂತು. ಅವಳ ಕುತೂಹಲವಿದ್ದದ್ದು ತಾಯಿ ಯಶೋಭದ್ರೆಯಲ್ಲಿ: ಮಗ ಮುನಿಯಾಗಿಬಿಡುವನೆಂಬ ಭಯದಿಂದ ಋಷಿಗಳು ಮನೆಗೆ ಬಾರದಂತೆ ಮಾಡಿದವಳು. ಆತನಿಗೆ ಅದು ಸಂಶೋಧನೆಯ ಪ್ರಶ್ನೆಯಾಗಿ ಕಾಣಲಿಲ್ಲ. ಪುಟಪುಟವೂ ಕೆಂಪಾಯಿತು. ಅವಳ ವಾಕ್ಯಗಳನ್ನು ಹೊಡೆದುಹಾಕಿ ಮೇಲೆ ತನ್ನ ವಾಕ್ಯಗಳನ್ನು ಬರೆದ. ಯಶೋಭದ್ರೆಯ ಅಧ್ಯಾಯವನ್ನು ಎರಡು ಪುಟಕ್ಕೆ ಇಳಿಸಿ, ಪಾಠಾಂತರಗಳ ಅಧ್ಯಾಯವೊಂದನ್ನು ಸೇರಿಸಿದ. ಆಗ ಅದು ಔದಾರ್ಯವೆಂದೇ ಅವನಿಗೆ ತೋರಿತ್ತು. ತನ್ನ ಮಹಾಪ್ರಬಂಧದ ಕೆಲಸವನ್ನು ಬದಿಗಿಟ್ಟು ರಾತ್ರಿಗಳನ್ನು ಕೊಟ್ಟಿದ್ದನಲ್ಲ. ಅವಳು ಒಂದೂ ಎದುರುಮಾತಿಲ್ಲದೆ ಎಲ್ಲವನ್ನೂ ಹಾಗೆಯೇ ಟೈಪು ಮಾಡಿಸಿ ತಂದಳು. ಆ ಮೌನ ಒಪ್ಪಿಗೆಯಲ್ಲವೆಂಬುದು ಅವನಿಗೆ ಹೊಳೆಯಬೇಕಾಗಿತ್ತು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪ್ರಾಧ್ಯಾಪಕರು ಪಾಠಾಂತರಗಳ ಅಧ್ಯಾಯದ ಒಂದು ವಾಕ್ಯವನ್ನು ಓದಿ, ಸೌಮ್ಯವಾಗಿಯೇ ಕೇಳಿದರು: "ಹೀಗೆಂದರೇನಮ್ಮ?" ಅವಳು ಪುಟ ನೋಡಿದಳು. ಹಿಂದೆ ಕುಳಿತಿದ್ದ ಆತನ ಬಾಯಿಗೆ ಉತ್ತರ ಬಂದಿತ್ತು, ಆಡುವಂತಿರಲಿಲ್ಲ. ಅವರು ಇನ್ನೊಂದು ಸಲ ಕೇಳಿದರು. "ಗೊತ್ತಿಲ್ಲ ಸರ್" ಎಂದಳು. ಯಶೋಭದ್ರೆಯನ್ನು ಕುರಿತು ಯಾರೂ ಏನನ್ನೂ ಕೇಳಲಿಲ್ಲ. ಕೇಳಲು ಆ ಎರಡು ಪುಟಗಳಲ್ಲಿ ಉಳಿದದ್ದಾದರೂ ಏನಿತ್ತು?

ಅವಳು ತೇರ್ಗಡೆಯಾದಳು. ಸಂಶೋಧನೆಗೆ ಅರ್ಜಿ ಹಾಕಬೇಕೆಂದಿದ್ದವಳು ಹಾಕಲಿಲ್ಲ, ಬಿ.ಎಡ್. ಸೇರಿದಳೆಂದು ಆಮೇಲೆ ತಿಳಿಯಿತು. ಮನೆಯ ಕಾರಣಗಳೂ ಇದ್ದಿರಬಹುದು. ಆ ಸಾಧ್ಯತೆಯನ್ನು ಆತ ಅನೇಕ ಸಲ ನೆನೆದುಕೊಂಡ, ಸಮಾಧಾನಕ್ಕಾಗಿ.

ಮುಂದಿನ ತಂಡದವರ ಕರಡುಗಳು ಬಂದಾಗ ಕೆಂಪು ಪೆನ್ನು ಹೋಗಿ ಪೆನ್ಸಿಲ್ಲು ಬಂತು. ಅಂಚಿನಲ್ಲಿ ವಾಕ್ಯಗಳ ಬದಲು ಪ್ರಶ್ನೆಗಳಿದ್ದವು: ಇದನ್ನು ಎಲ್ಲಿ ಕಂಡಿರಿ? ಇಲ್ಲಿ ನೀವು ಒಪ್ಪುತ್ತಿದ್ದೀರೋ, ಸುಮ್ಮನಾಗುತ್ತಿದ್ದೀರೋ? ಈ ಕ್ರಮ ನಿಧಾನದ್ದು. ಒಬ್ಬ ವಿದ್ಯಾರ್ಥಿಯಂತೂ, "ನೀವೇ ಬರೆದುಕೊಟ್ಟುಬಿಡಿ ಸರ್, ದಿನ ಇಲ್ಲ" ಎಂದು ಗೋಗರೆದ. ಬರೆದುಕೊಡುವುದು ಅರ್ಧ ಗಂಟೆಯ ಕೆಲಸ. ಬರೆಯದೆ ಅವನೆದುರು ಕುಳಿತಿರಲು ಎರಡು ಮಧ್ಯಾಹ್ನಗಳು ಬೇಕಾದವು. ಒಳ್ಳೆಯ ಸಂಪಾದಕ ತನಗೆ ಹಿತವಾದ ಪಾಠವನ್ನು ಮೂಲದ ಮೇಲೆ ಹೇರುವುದಿಲ್ಲವೆಂದು ಗ್ರಂಥಸಂಪಾದನೆಯ ವಿದ್ಯಾರ್ಥಿಯಾಗಿ ಆತ ಎಷ್ಟು ಸಲ ಬರೆದಿದ್ದನೋ! ತಾಳೆಗರಿಗೆ ತೋರಿದ ಆ ಸಂಯಮವನ್ನು ಎದುರು ಕುಳಿತ ವಿದ್ಯಾರ್ಥಿನಿಗೆ ತೋರಿರಲಿಲ್ಲ.

ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯ ಮುಂದೆ ಸಾಗದೆ ನಿಂತಿದ್ದಾಗ, ಕಪಾಟಿನಲ್ಲಿ ಬೇರೇನನ್ನೋ ಹುಡುಕುತ್ತಿದ್ದವನಿಗೆ ಆ ಹಳೆಯ ಕರಡು ಸಿಕ್ಕಿತು. ಕೆಂಪು ಗೀಟಿನ ಅಡಿಯಲ್ಲಿ ಅವಳ ಅಕ್ಷರ ಇನ್ನೂ ಓದುವಂತಿತ್ತು. ಬಾಗಿಲು ಮುಚ್ಚಿದ ತಾಯಿಯನ್ನು ಈ ಕಥೆ ದೂಷಿಸುತ್ತದೆಯೋ, ಅರ್ಥಮಾಡಿಕೊಳ್ಳುತ್ತದೆಯೋ ಎಂದು ಅವಳು ಕೇಳಿದ್ದಳು. ಆತ ಮೂಲವನ್ನು ತೆರೆದು ಆ ಪ್ರಶ್ನೆಯೊಡನೆ ಕಥೆಯನ್ನು ಮೊದಲಿನಿಂದ ಓದಿದ. ಆ ತಿಂಗಳು ಅಧ್ಯಾಯ ಬೇರೆ ದಾರಿ ಹಿಡಿಯಿತು.

ವಿಭಾಗದ ಕಚೇರಿಯಿಂದ ದೂರವಾಣಿ ಸಂಖ್ಯೆ ಪಡೆದು ಆತ ಅವಳಿಗೆ ಕರೆಮಾಡಿದ. ಆ ಪ್ರಶ್ನೆಯನ್ನು ಅವಳ ಹೆಸರಿನೊಡನೆ ಬಳಸಿಕೊಳ್ಳಲು ಅನುಮತಿ ಕೇಳಿದ. ತುಸು ಹೊತ್ತು ಸದ್ದಿರಲಿಲ್ಲ.

"ಅದು ಅಳಿಸಿಹೋಗಿತ್ತಲ್ಲ ಸರ್" ಎಂದಳು.

"ಇಲ್ಲಮ್ಮ, ಓದೋಕೆ ಬರುತ್ತೆ" ಎಂದ.

"ಹಾಗಾದ್ರೆ ಮೊದಲು ನನಗೊಂದು ಪ್ರತಿ ಕಳಿಸಿ. ನೋಡಿ ಹೇಳ್ತೀನಿ."